ಮಗಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸುವ ಮುನ್ನ



ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಸಂಘಗಳ ಸಾಲದ ಅರ್ಜಿಗಳೇ ಬದಲಾಗುತ್ತವೆ. ಹಸು, ಪಂಪ್‌ಸೆಟ್ಟು, ಅರಿಶಿನ ಬಿತ್ತನೆ ಎಂದು ಬರೆಸುತ್ತಿದ್ದವರು 'ಮಗಳ ಕಾಲೇಜು ಫೀಸು' ಎಂದು ಬರೆಸುತ್ತಾರೆ. ನಮಗೆ ಸಂತೋಷವೇ. ಆದರೆ 'ಯಾವ ಕಾಲೇಜಮ್ಮಾ?' ಎಂದು ಕೇಳಿದರೆ ಎಷ್ಟೋ ತಾಯಂದಿರು ಕಾಲೇಜಿನ ಹೆಸರು ಹೇಳುವುದಿಲ್ಲ, ಮೊಬೈಲಿನಲ್ಲಿ ಯಾರದೋ ನಂಬರ್ ತೋರಿಸುತ್ತಾರೆ.

ಗುಂಡ್ಲುಪೇಟೆ ಕಡೆಯ ಒಂದು ಸಂಘದ ತಾಯಿಯ ವಿಷಯ ಹೇಳುತ್ತೇವೆ. ಮಗಳು ಪಿಯುಸಿಯಲ್ಲಿ ಕಲಾ ವಿಭಾಗ ಓದಿದ್ದಳು. ಊರಿಗೆ ಬಂದ ಏಜೆಂಟ್ 'ಬಿ.ಎಸ್ಸಿ. ನರ್ಸಿಂಗ್ ಸೀಟು ಮಾಡಿಸಿಕೊಡ್ತೀನಿ, ಹಾಸ್ಟೆಲ್ಲೂ ಇದೆ' ಎಂದ. ತಾಯಿ ಸಂಘದಿಂದ 40,000 ರೂಪಾಯಿ ಸಾಲ ತೆಗೆದು ಅವನ ಕೈಗೆ ಕೊಟ್ಟರು. ರಸೀದಿ ಕೇಳಲಿಲ್ಲ. ಮೂರು ತಿಂಗಳಾದ ಮೇಲೆ ಮಗಳು ಫೋನ್ ಮಾಡಿ ಅತ್ತಳು. ಅಂಗಡಿ ಮಾಳಿಗೆಯ ಮೇಲೆ ಎರಡು ಕೋಣೆ, ಅದೇ ಕಾಲೇಜು. ಕೊನೆಗೆ ಸಿಗುವುದು ಒಂದು ವರ್ಷದ ಸಹಾಯಕಿ ತರಬೇತಿಯ ಸರ್ಟಿಫಿಕೇಟು. 'ಕಾಸೂ ಕೊಟ್ಬುಟ್ಟೊ, ಮಾರ್ಕ್ಸ್ ಕಾರ್ಡೂ ಕೊಟ್ಬುಟ್ಟೊ ಸಿಸ್ಟರ್, ಈಗ ಏನ್ ಮಾಡದು?' ಎಂದು ತಾಯಿ ನಮ್ಮ ಹತ್ತಿರ ಬಂದರು.

ಆ ಏಜೆಂಟ್ ಹೇಳಿದ್ದು ಮೊದಲ ದಿನವೇ ಸುಳ್ಳೆಂದು ಗೊತ್ತಾಗಬಹುದಿತ್ತು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಕಲಾ ಅಥವಾ ವಾಣಿಜ್ಯ ಓದಿದ ಹುಡುಗಿಗೆ ದಾರಿಯೇ ಇಲ್ಲವೆಂದಲ್ಲ. ಜಿ.ಎನ್.ಎಂ. ಎಂಬ ಮೂರು ವರ್ಷದ ಡಿಪ್ಲೊಮಾ ಇದೆ, ಅದಕ್ಕೆ ಅವರೂ ಸೇರಬಹುದು. ಇವೆರಡೂ ಅಲ್ಲದೆ ಆರು ತಿಂಗಳಲ್ಲಿ, ಒಂದು ವರ್ಷದಲ್ಲಿ 'ನರ್ಸ್ ಮಾಡುತ್ತೇವೆ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ಸರ್ಟಿಫಿಕೇಟು ಹಿಡಿದು ಹೋದರೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದವಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಇಲ್ಲ, ಹೊರದೇಶದ ಮಾತಂತೂ ಬೇಡ.

ಆದ್ದರಿಂದ ಕಟ್ಟಡ ಚೆನ್ನಾಗಿದೆಯಾ ಎಂದು ಕೇಳುವ ಮೊದಲು 'ಪರೀಕ್ಷೆ ಯಾರು ನಡೆಸ್ತಾರೆ, ಸರ್ಟಿಫಿಕೇಟು ಯಾರು ಕೊಡ್ತಾರೆ?' ಎಂದು ಕೇಳಿ. ನಮ್ಮ ರಾಜ್ಯದಲ್ಲಿ ಬಿ.ಎಸ್ಸಿ. ನರ್ಸಿಂಗ್ ಕಾಲೇಜುಗಳು ಹೆಚ್ಚಾಗಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿರುತ್ತವೆ. ಜಿ.ಎನ್.ಎಂ.ಗೆ ಪರೀಕ್ಷೆ ನಡೆಸಲು ಸರ್ಕಾರದ ಬೇರೆಯೇ ಪರೀಕ್ಷಾ ಮಂಡಳಿ ಇದೆ. ಕಾಲೇಜಿನ ಹೆಸರು ಈ ವರ್ಷದ ಪಟ್ಟಿಯಲ್ಲಿದೆಯೇ ಎಂದು ಮಗಳೇ ಮೊಬೈಲಿನಲ್ಲಿ ನೋಡಬಹುದು. ಗೋಡೆಗೆ ತೂಗುಹಾಕಿದ ಹಳೆಯ ಅನುಮತಿ ಪತ್ರ ಸಾಲದು.

ಎರಡನೆಯದು ಆಸ್ಪತ್ರೆ. ನರ್ಸಿಂಗ್ ಎಂಬುದು ಬೋರ್ಡಿನ ಮೇಲೆ ಬರೆದು ಕಲಿಸುವ ವಿದ್ಯೆಯಲ್ಲ. ರೋಗಿಯ ಹಾಸಿಗೆಯ ಪಕ್ಕ ನಿಂತೇ ಕಲಿಯಬೇಕು. ಚಾಮರಾಜನಗರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಅಲ್ಲಿ 450 ಹಾಸಿಗೆಯ ಬೋಧನಾ ಆಸ್ಪತ್ರೆ 2021ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ವೈದ್ಯರಾಗುವ ಮಕ್ಕಳಿಗೆ ಅಷ್ಟು ಹಾಸಿಗೆ ಬೇಕೆಂದ ಮೇಲೆ ನರ್ಸ್ ಆಗುವ ಮಗಳಿಗೂ ತಕ್ಕಷ್ಟು ಬೇಕಲ್ಲವೇ? ತರಬೇತಿ ಯಾವ ಆಸ್ಪತ್ರೆಯಲ್ಲಿ, ಎಷ್ಟು ಹಾಸಿಗೆ, ಹೆರಿಗೆ ವಾರ್ಡಿಗೆ ಕಳಿಸುತ್ತಾರಾ, ರಾತ್ರಿ ಪಾಳಿಯಾದರೆ ವಾಪಸ್ ಕರೆತರುವವರು ಯಾರು ಎಂದು ವಿಚಾರಿಸಿ.

ಇದೆಲ್ಲ ಫೋನಿನಲ್ಲಿ ತಿಳಿಯುವುದಿಲ್ಲ. ನೀವೇ ಹೋಗಿ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿದೆ, ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗಿಬರಲು ಒಂದು ದಿನದ ಕೂಲಿ ಹೋದೀತು, ಅಷ್ಟೇ. ಜೊತೆಗೆ ಓದುಬರಹ ಬಲ್ಲ ಇನ್ನೊಬ್ಬ ಸದಸ್ಯೆಯನ್ನು ಕರೆದುಕೊಂಡು ಹೋಗಿ. ಆಫೀಸಿನಲ್ಲಿ ಕೇಳಿದ್ದು ಸಾಕು ಎಂದು ಹಿಂದಿರುಗಬೇಡಿ. ಊಟದ ಹೊತ್ತಿಗೆ ಗೇಟಿನ ಹತ್ತಿರ ನಿಂತು ಎರಡನೇ, ಮೂರನೇ ವರ್ಷದ ಹುಡುಗಿಯರನ್ನು ಮಾತಾಡಿಸಿ. ಪಾಠ ಸರಿಯಾಗಿ ನಡೆಯುತ್ತಾ, ಹಾಸ್ಟೆಲ್‌ನಲ್ಲಿ ನೀರು, ಶೌಚಾಲಯ ಹೇಗಿದೆ, ಹೋದ ವರ್ಷ ಎಷ್ಟು ಜನ ಪಾಸಾದರು ಎಂಬುದನ್ನು ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ನಮಗೆ ಎಷ್ಟೋ ವಿಷಯ ತಿಳಿದದ್ದು ಹೀಗೆಯೇ.

ಇನ್ನು ದುಡ್ಡಿನ ಮಾತು. ಮೊದಲ ವರ್ಷದ ಫೀಸು ಮಾತ್ರ ಹೇಳಿ ಸುಮ್ಮನಾಗುವವರೇ ಹೆಚ್ಚು. ಎಲ್ಲ ವರ್ಷಗಳ ಫೀಸು, ಪರೀಕ್ಷಾ ಶುಲ್ಕ, ಸಮವಸ್ತ್ರ, ಹಾಸ್ಟೆಲ್, ಬಸ್ಸು ಎಲ್ಲವನ್ನೂ ಕಾಲೇಜಿನ ಕಾಗದದಲ್ಲಿ ಬರೆಸಿಕೊಳ್ಳಿ. ಹಣವನ್ನು ಕಾಲೇಜಿಗೇ ಕಟ್ಟಿ, ರಸೀದಿ ತೆಗೆದುಕೊಳ್ಳಿ. ನಿಗದಿಯಾದ ಫೀಸಿನ ಮೇಲೆ ಡೊನೇಶನ್ ಕೇಳುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1984ರ ಕಾಯ್ದೆಯೇ ಇದೆ. 'ಸ್ಕಾಲರ್‌ಶಿಪ್ ಬಂದೇ ಬರುತ್ತೆ' ಎಂದು ಹೇಳಿದರೆ ನಮ್ಮದು ಸರ್ಕಾರಿ ಕೋಟಾ ಸೀಟೋ, ಮ್ಯಾನೇಜ್‌ಮೆಂಟ್ ಸೀಟೋ ಎಂದು ಕೇಳಿ. ಮ್ಯಾನೇಜ್‌ಮೆಂಟ್ ಸೀಟಾದರೆ ಸೇರುವ ಮೊದಲೇ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಸಂಘದ ಸಾಲದಲ್ಲೇ ಪೂರ್ತಿ ಓದಿಸಲು ಹೋಗಬೇಡಿ. ಸಂಘದ ಕಂತು ಮುಂದಿನ ತಿಂಗಳೇ ಶುರು. ಬ್ಯಾಂಕಿನ ಶಿಕ್ಷಣ ಸಾಲವಾದರೆ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಕಂತು. 4 ಲಕ್ಷದವರೆಗೆ ಜಮೀನು ಅಡ ಇಡಬೇಕಾಗಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಇನ್ನೂ ಒಂದು ಅನುಕೂಲ ಇದೆ. ಮಾನ್ಯತೆ ಇಲ್ಲದ ಕೋರ್ಸಿಗೆ ಬ್ಯಾಂಕಿನವರು ಶಿಕ್ಷಣ ಸಾಲ ಕೊಡುವುದಿಲ್ಲ. ಅವರು ಬೇಡ ಎಂದರೆ ಯಾಕೆ ಎಂದು ಕೇಳಿ, ಕಾಲೇಜಿನ ಬಣ್ಣ ಅಲ್ಲೇ ಬಯಲಾದೀತು.

ಮಾರ್ಕ್ಸ್ ಕಾರ್ಡು, ಟಿ.ಸಿ.ಗಳ ಜೆರಾಕ್ಸ್ ನಾಲ್ಕೈದು ಮಾಡಿಸಿಡಿ. ಮೂಲ ಪತ್ರಗಳನ್ನು ನೋಡಿ, ಪರಿಶೀಲಿಸಿ, ವಿದ್ಯಾರ್ಥಿಗೆ ಹಿಂದಿರುಗಿಸಬೇಕು, ಕಾಲೇಜಿನಲ್ಲಿ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಏಜೆಂಟ್ ಕೈಗಂತೂ ಕೊಡಲೇಬೇಡಿ.

ನಾವು ಹೇಳಿದ ಆ ಹುಡುಗಿಯ ಮಾರ್ಕ್ಸ್ ಕಾರ್ಡು ಬಿಡಿಸಿಕೊಳ್ಳಲು ತಾಯಿಯೂ ನಾವೂ ಮೂರು ಸಲ ಅಲೆದೆವು. ಒಂದು ವರ್ಷ ಹಾಳಾಯಿತು. ಮರುವರ್ಷ ನೋಡಿ, ಕೇಳಿ ಜಿ.ಎನ್.ಎಂ.ಗೆ ಸೇರಿದಳು, ಈಗ ಎರಡನೇ ವರ್ಷದಲ್ಲಿದ್ದಾಳೆ. ಏಜೆಂಟ್‌ಗೆ ಕೊಟ್ಟ ಹಣ ಬರಲಿಲ್ಲ. ಆ 40,000ದ ಕಂತನ್ನು ತಾಯಿ ಇನ್ನೂ ಪ್ರತಿ ವಾರ ಸಭೆಗೆ ತಂದು ಕಟ್ಟುತ್ತಿದ್ದಾರೆ.