ತುಂಗಭದ್ರೆಯ ನೀರುನಾಯಿ

ಕೊಪ್ಪಳ ಜಿಲ್ಲೆ ಎಂದೊಡನೆ ಕುಷ್ಟಗಿ, ಯಲಬುರ್ಗಗಳ ಒಣ ಬಯಲು ನೆನಪಾಗುವುದು ಸಹಜ. ಆದರೆ ಜಿಲ್ಲೆಯ ದಕ್ಷಿಣದ ಅಂಚಿಗೆ ಬನ್ನಿ. ಗಂಗಾವತಿ ತಾಲ್ಲೂಕಿನ ಆನೆಗುಂದಿಯ ಬಳಿ ತುಂಗಭದ್ರೆಯು ಕಣಶಿಲೆಯ ಬಂಡೆಗಳ ನಡುವೆ ಕವಲೊಡೆದು ಹರಿಯುತ್ತದೆ. ಮಡುವು, ಜೊಂಡುಹುಲ್ಲು, ಬಂಡೆಗಳ ಸಂದು ಎಲ್ಲವೂ ಇಲ್ಲಿವೆ. ನೀರುನಾಯಿಗೆ ಬೇಕಾದುದು ಇವೇ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಬಳ್ಳಾರಿ ಜಿಲ್ಲೆಯ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆಂದೇ ಮೀಸಲಾದ ದೇಶದ ಮೊದಲ ಪ್ರದೇಶವಿದು.

ಇದನ್ನು ನೋಡಲು ಹರಿಗೋಲು ತಕ್ಕ ವಾಹನ. ಬಿದಿರು ಹೆಣೆದು ಮಾಡಿದ ಈ ದುಂಡು ದೋಣಿಗೆ ಎಂಜಿನ್ನಿನ ಸದ್ದಿಲ್ಲ. ತಳ ಚಪ್ಪಟೆಯಾದ್ದರಿಂದ ಬಂಡೆಗಳ ಮೇಲಿನ ತೆಳು ನೀರಿನಲ್ಲೂ ತೇಲುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗುಂದಿಯ ಕಡವಿನಲ್ಲಿ ಚರ್ಮ ಹೊದಿಸಿದ ಇಂಥ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ.

ಇಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ. ಹೆಸರಿನಲ್ಲಿ ನಾಯಿ ಇದ್ದರೂ ಇದು ನಾಯಿಯ ಕುಲದ್ದಲ್ಲ. ಬೆರಳುಗಳ ನಡುವೆ ಜಾಲಪೊರೆಯಿದೆ. ಬಾಲ ಚಪ್ಪಟೆ. ಮುಳುಗುವಾಗ ಮೂಗು, ಕಿವಿಗಳು ಮುಚ್ಚಿಕೊಳ್ಳುತ್ತವೆ. ಕದಡಿದ ನೀರಿನಲ್ಲಿ ಮೀನಿನ ಚಲನೆಯನ್ನು ಮೀಸೆಯ ಕೂದಲು ಗ್ರಹಿಸುತ್ತದೆ. ಗುಂಪಾಗಿ ಈಜಿ ಮೀನುಗಳನ್ನು ಸುತ್ತುಗಟ್ಟಿ ಹಿಡಿಯುವುದೂ ಉಂಟು.

ಬೆಳಗ್ಗೆ ಅಥವಾ ಸಂಜೆ ಹೊರಡಿ. ಮೊದಲು ಪ್ರಾಣಿಯನ್ನಲ್ಲ, ಅದರ ಗುರುತುಗಳನ್ನು ಹುಡುಕಿ. ನೀರಂಚಿನ ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳು ತುಂಬಿದ ಹಿಕ್ಕೆ ಇದೆಯೇ? ಒದ್ದೆ ಮರಳಿನಲ್ಲಿ ಐದು ಬೆರಳಿನ ಹೆಜ್ಜೆ ಮೂಡಿದೆಯೇ? ಹಾಗಿದ್ದರೆ ನೀರುನಾಯಿ ಅಲ್ಲಿ ಓಡಾಡುತ್ತಿದೆ ಎಂದು ತಿಳಿಯಿರಿ. ನೀರಿನಲ್ಲಿ ತಲೆಯೊಂದು ಕಂಡರೆ ಅವಸರದ ತೀರ್ಮಾನ ಬೇಡ. ಸಣ್ಣ ಕತ್ತು ನೆಟ್ಟಗೆ ನಿಂತಿದ್ದರೆ ಅದು ನೀರುಕಾಗೆ. ಅಗಲ ತಲೆ ಮುಳುಗಿ, ಗುಳ್ಳೆಗಳ ಸಾಲು ಎಬ್ಬಿಸಿ, ಮತ್ತೊಂದೆಡೆ ಎದ್ದರೆ ನೀರುನಾಯಿ. ಅಲುಗಾಡದೆ ತೇಲುವ ದಿಮ್ಮಿಯಂಥದ್ದು ಮೊಸಳೆಯಾಗಿರಬಹುದು, ಕೈಯನ್ನು ನೀರಿಗಿಳಿಸಬೇಡಿ.

ಮೀಸಲು ಎಂದು ಘೋಷಿಸಿದ ಮಾತ್ರಕ್ಕೆ ಅಪಾಯ ದೂರವಾಗದು. ಮರಳು ತೆಗೆದರೆ ದಡದ ಬಿಲ ಕುಸಿಯುತ್ತದೆ. ಸಿಡಿಮದ್ದು ಹಾಕಿ ಮೀನು ಹಿಡಿದರೆ ದೊಡ್ಡ ಮೀನಿನ ಜೊತೆ ಮರಿಮೀನೂ ಸಾಯುತ್ತದೆ, ನೀರುನಾಯಿಯ ಮುಂದಿನ ವರ್ಷದ ಊಟವೂ ಹೋಗುತ್ತದೆ. ಇಲ್ಲಿನ ನೀರಿನ ಮಟ್ಟವು ಮಳೆಗಿಂತ ಹೆಚ್ಚಾಗಿ ಮೇಲಿನ ತುಂಗಭದ್ರಾ ಅಣೆಕಟ್ಟೆಯನ್ನು ಅವಲಂಬಿಸಿದೆ. ಬಿಟ್ಟ ನೀರು ಹೆಚ್ಚಾದರೆ ತಗ್ಗಿನ ಬಿಲಗಳು ಮುಳುಗುತ್ತವೆ, ತೀರ ಕಡಿಮೆಯಾದರೆ ಮಡುವುಗಳು ಬತ್ತುತ್ತವೆ.

ಆದ್ದರಿಂದ ಮರಿಗಳಿರುವ ಗುಂಪು ಕಂಡರೆ ಹುಟ್ಟು ಹಾಕುವವರಿಗೆ ದೂರದಲ್ಲೇ ನಿಲ್ಲಿಸಲು ಹೇಳಿ. ಬೆನ್ನಟ್ಟಿದರೆ ತಾಯಿ ಬಿಲವನ್ನೇ ಬಿಟ್ಟು ಹೋಗಬಹುದು. ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಹರಿಗೋಲು ಹತ್ತಲೇಬೇಡಿ. ನೀರುನಾಯಿ ಉಳಿದಿದೆ ಎಂದರೆ ಹೊಳೆಯಲ್ಲಿ ಮೀನಿದೆ, ಮೀನುಗಾರನ ಬಲೆಗೂ ಪಾಲಿದೆ ಎಂದೇ ಅರ್ಥ.