ಮೋಟಾರಿನ ಹಿಂದೆ ಹೊರೆಯ ಬಂಡಿ

ಕೆಲವು ವರ್ಷಗಳ ಹಿಂದೆ ನಾವು ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವರು ಬೇರೆ ಊರಿಗೆ ಮನೆ ಬದಲಾಯಿಸುವ ಸಂದರ್ಭವೊದಗಿತು. ಅಳಿಯಂದಿರು ಟ್ರೈಲರೊಂದನ್ನು ಬಾಡಿಗೆಗೆ ತಂದು ತಮ್ಮ ಮೋಟಾರಿನ ಕೊಂಡಿಗೆ ಸಿಕ್ಕಿಸಿದರು. ಇಳಿಸುವುದಕ್ಕೆ ಸುಲಭವಾಗಲೆಂದು ಬಟ್ಟೆ ಒಗೆಯುವ ಯಂತ್ರವನ್ನೂ ಪುಸ್ತಕದ ಪೆಟ್ಟಿಗೆಗಳನ್ನೂ ಹಿಂಬಾಗಿಲ ಬಳಿಯಲ್ಲಿಯೇ ಇರಿಸಿದ್ದರು. ಪುಸ್ತಕಗಳಲ್ಲಿ ಹೆಚ್ಚಿನವು ನಾವು ಕಳುಹಿಸಿದವೆಂಬುದನ್ನು ಒಪ್ಪಿಕೊಳ್ಳತಕ್ಕದ್ದೇ ಸರಿ. ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋದೊಡನೆ, ಅದರ ಗಾಳಿಯ ಹೊಡೆತಕ್ಕೆ ಟ್ರೈಲರು ಹಾವಿನಂತೆ ಎಡಕ್ಕೂ ಬಲಕ್ಕೂ ಹೊರಳತೊಡಗಿತು. ಅದರೊಡನೆ ಮೋಟಾರೂ ತೊನೆಯಿತು. ನಮ್ಮ ಪಕ್ಕದಲ್ಲಿ ಮೊಮ್ಮಗು ನಿದ್ರಿಸುತ್ತಿತ್ತು. ‘ಬ್ರೇಕು, ಬ್ರೇಕು’ ಎಂದು ನಾವು ಕೂಗಿಕೊಂಡೆವು. ಅವರು ಕೇಳಲಿಲ್ಲ; ಕೇಳದಿದ್ದುದೇ ನಮ್ಮೆಲ್ಲರ ಪುಣ್ಯ. ಗಟ್ಟಿಯಾಗಿ ಬ್ರೇಕು ಒತ್ತಿದರೆ ಹಿಂದಿನ ಹೊರೆ ಮೋಟಾರನ್ನೇ ನೂಕಿ ಅಡ್ಡ ತಿರುಗಿಸುವ ಭಯವುಂಟು. ಅವರು ವೇಗದ ಪೆಡಲಿನಿಂದ ಮೆಲ್ಲನೆ ಕಾಲನ್ನು ತೆಗೆದು, ಸ್ಟಿಯರಿಂಗನ್ನು ನೆಟ್ಟಗೆ ಹಿಡಿದುಕೊಂಡಿದ್ದರು. ವೇಗ ತಗ್ಗಿದಂತೆ ಓಲಾಟವೂ ಅಡಗಿತು.

ನಮ್ಮ ಹಳ್ಳಿಯ ಗಾಡಿಯವರು ಈ ತಪ್ಪನ್ನು ಎಂದಿಗೂ ಮಾಡರು. ಹೊರೆ ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಮೂಕಿಯೇಳುವುದು, ನೊಗ ಎತ್ತುಗಳ ಕೊರಳನ್ನು ಮೇಲಕ್ಕೆ ಜಗ್ಗುವುದು. ಮುಂದಕ್ಕೆ ಅತಿಯಾದರೆ ಹೆಗಲು ಹುಣ್ಣಾಗುವುದು. ಆದಕಾರಣ ತುಸು ಮುಂಭಾರವಿರುವಂತೆ ಹೇರುವರು. ನೊಗವನ್ನು ಹೊರುವವನೆಂಬ ಅರ್ಥದಲ್ಲಿಯೇ ಸಂಸ್ಕೃತದಲ್ಲಿ ‘ಧುರಂಧರ’ ಶಬ್ದ ಹುಟ್ಟಿತು. ಈಗ ಅದನ್ನು ಸಭೆಗಳ ಅಧ್ಯಕ್ಷರಿಗೆ ಸಲ್ಲಿಸುತ್ತೇವೆ.

ಮೋಟಾರಿಗೂ ನ್ಯಾಯ ಇದೇ. ಟ್ರೈಲರು ಹಿಂಭಾರವಾದರೆ ಕೊಂಡಿ ಮೋಟಾರಿನ ಹಿಂಬದಿಯನ್ನು ಮೇಲೆತ್ತುವುದರಿಂದ ಹಿಂಚಕ್ರಗಳ ಹಿಡಿತ ಸಡಿಲುವುದು. ಮುಂಭಾರ ಮಿತಿಮೀರಿದರೆ ಮುಂಚಕ್ರಗಳು ಹಗುರಾಗಿ ಸ್ಟಿಯರಿಂಗಿನ ಮಾತನ್ನು ಕೇಳವು. ಬ್ರಿಟನ್ನಿನಲ್ಲಿ ಕಾರವಾನುಗಳ ಒಟ್ಟು ತೂಕದಲ್ಲಿ ಶೇಕಡಾ 5ರಿಂದ 7ರಷ್ಟು ಕೊಂಡಿಯ ಮೇಲಿರಬೇಕೆನ್ನುವರು. ಅಮೆರಿಕದಲ್ಲಿ ಟ್ರೈಲರುಗಳಿಗೆ ಸಾಮಾನ್ಯವಾಗಿ 10ರಿಂದ 15 ಎನ್ನುವರು. ಯಾವುದನ್ನು ಅನುಸರಿಸಿದರೂ, ಮೋಟಾರಿನ ಕೈಪಿಡಿಯಲ್ಲಿಯೂ ಕೊಂಡಿಯ ಮೇಲೆಯೂ ನಮೂದಿಸಿರುವ ಮಿತಿಗಳಲ್ಲಿ ಕಡಮೆಯಾದುದನ್ನು ಮೀರತಕ್ಕದ್ದಲ್ಲ. ಅಳೆಯುವುದು ಕಷ್ಟವಲ್ಲ. ಟ್ರೈಲರನ್ನು ಸಮನೆಲದಲ್ಲಿ ಮಟ್ಟವಾಗಿ ನಿಲ್ಲಿಸಿ, ಅದರ ಮೂತಿಯ ಕೆಳಗೆ ಮರದ ತುಂಡನ್ನು ಆನಿಸಿ, ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಅದರಡಿಯಲ್ಲಿಟ್ಟರೆ ಸಾಕು.

ಒಟ್ಟು ತೂಕದ ವಿಷಯದಲ್ಲಿ, ಹೊಸಬರು ಮೋಟಾರಿನ ತೂಕದ ಶೇಕಡಾ 85ನ್ನು ದಾಟಬಾರದೆಂಬ ಸಲಹೆ ಬ್ರಿಟನ್ನಿನಲ್ಲಿ ರೂಢಿಯಲ್ಲಿದೆ. 1,400 ಕಿಲೋಗ್ರಾಮಿನ ಮೋಟಾರಿಗೆ ಅದು 1,190 ಆಯಿತು. ಕೈಪಿಡಿ ಅದಕ್ಕಿಂತ ಕಡಮೆ ಹೇಳಿದ್ದರೆ ಕೈಪಿಡಿಯ ಮಾತೇ ಪ್ರಮಾಣ. ತನ್ನದೇ ಬ್ರೇಕಿಲ್ಲದ ಟ್ರೈಲರಾದರೆ ಅಲ್ಲಿನ ಕಾನೂನೇ ಕಟ್ಟುನಿಟ್ಟು: 750 ಕಿಲೋ ಅಥವಾ ಮೋಟಾರಿನ ತೂಕದ ಅರ್ಧ, ಇವೆರಡರಲ್ಲಿ ಕಡಮೆಯಾದುದು. ಟ್ರೈಲರು ಎಳೆಯುವ ಮೋಟಾರಿಗೆ ದ್ವಿಪಥ ಹೆದ್ದಾರಿಗಳಲ್ಲಿ ಗಂಟೆಗೆ 60 ಮೈಲಿಯೇ ಪರಮಾವಧಿ. 2021ರ ಡಿಸೆಂಬರಿನಿಂದ ಸಾಮಾನ್ಯ ಲೈಸೆನ್ಸುಳ್ಳವರಿಗೂ ಬೇರೆ ಪರೀಕ್ಷೆಯಿಲ್ಲದೆ ದೊಡ್ಡ ಟ್ರೈಲರುಗಳನ್ನು ಎಳೆಯುವ ಅನುಮತಿ ದೊರೆತಿದೆ. ಪರೀಕ್ಷೆ ಹೋಯಿತೆಂದು ಹೊರೆ ಹಗುರಾಗಲಿಲ್ಲವಷ್ಟೆ!

ಅಂದು ಮುಂದಿನ ತಂಗುದಾಣದಲ್ಲಿ ನಿಲ್ಲಿಸಿ ಎಲ್ಲವನ್ನೂ ಇಳಿಸಿದೆವು. ಯಂತ್ರವನ್ನು ಅಚ್ಚಿನ ಮೇಲೆ, ಪುಸ್ತಕಗಳನ್ನು ಅದರ ತುಸು ಮುಂದೆ ತಳದಲ್ಲಿ, ಹಾಸಿಗೆಗಳನ್ನು ಹಿಂದಕ್ಕೆ ಇಟ್ಟು ಹಗ್ಗ ಬಿಗಿದೆವು. ಟಯರುಗಳ ಗಾಳಿಯನ್ನೂ, ಕೊಂಡಿ ಕಳಚಿದರೆ ಕಾಯುವ ತಂತಿಯನ್ನೂ ಅಳಿಯಂದಿರು ಮತ್ತೊಮ್ಮೆ ನೋಡಿದರು. ಹತ್ತು ಮೈಲಿ ಹೋದ ಮೇಲೆ ನಿಲ್ಲಿಸಿ ಹಗ್ಗಗಳನ್ನು ಪುನಃ ಬಿಗಿದರು. ಆಮೇಲೆ ಲಾರಿಗಳು ಎಷ್ಟೋ ದಾಟಿಹೋದವು. ಮೊಮ್ಮಗು ಊರು ತಲಪುವವರೆಗೂ ಏಳಲಿಲ್ಲ.