ಔಷಧವನ್ನೇ ವೈರಸ್ ಅಂದುಕೊಂಡರೆ?

ಅಂಬಿಕಾನಗರದಲ್ಲಿ ಅಂಗಡಿ ಇಟ್ಟಿರುವ ನಮ್ಮ ಕಾಕ ಮೊನ್ನೆ ಫೋನ್ ಮಾಡಿದರು. ಕೊಲೆಸ್ಟರಾಲ್‌ಗೆ ಆರು ತಿಂಗಳಿಗೊಂದು ಸೂಜಿ ಇದೆ ಅಂತ ಡಾಕ್ಟರು ಹೇಳಿದ್ದರಂತೆ. "ಮೋನೇ, ಅದು ಜೀನಿನ ಬಾಯಿ ಮುಚ್ಚಿಸುತ್ತದಂತೆ. ಮೈಗೆ ಏನೂ ಆಗಲ್ಲ ತಾನೇ?"

ಭಯ ಸುಳ್ಳಲ್ಲ. ಈ ಔಷಧದ ಇತಿಹಾಸವೇ ಆ ಭಯದ ಜೊತೆ ಹೋರಾಡಿದ ಕಥೆ.

ಆರ್‌ಎನ್‌ಎಯ ಪುಟ್ಟ ಜೋಡಿ ಎಳೆಯಿಂದ ಒಂದು ಜೀನನ್ನು ಸುಮ್ಮನಾಗಿಸಬಹುದು. ಈ ದಾರಿ ತೋರಿಸಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರ ಸಂಶೋಧನೆ 1998ರಲ್ಲಿ ಪ್ರಕಟವಾಯಿತು, 2006ರಲ್ಲಿ ನೊಬೆಲ್ ಬಂತು. ತೊಂದರೆ ಏನೆಂದರೆ, ಎಷ್ಟೋ ವೈರಸ್‌ಗಳ ಮೈಯೂ ಆರ್‌ಎನ್‌ಎಯೇ. ಜೀವಕೋಶದ ಕಾವಲುಗಾರರಾದ ಟಿಎಲ್‌ಆರ್ 3, 7, 8 ಎಂಬ ಗ್ರಾಹಿಗಳಿಗೆ ಔಷಧವೂ ವೈರಸ್ಸೂ ಒಂದೇ ತರಹ ಕಾಣುತ್ತವೆ. ಕೂಡಲೇ ಇಂಟರ್‌ಫೆರಾನ್ ಬಿಡುಗಡೆಯಾಗುತ್ತದೆ; ಫ್ಲೂ ಬಂದಂತೆ ಜ್ವರ, ಮೈನೋವು ಬರಬಹುದು.

ಇಲಿಗಳಲ್ಲಿ ಇದು ವಿಜ್ಞಾನಿಗಳನ್ನೇ ಮೋಸ ಮಾಡಿತು. ಕಣ್ಣಿನ ರಕ್ತನಾಳ ಬೆಳೆಯುವ ರೋಗಕ್ಕೆ ಕೊಟ್ಟ ಆರ್‌ಎನ್‌ಎ ಫಲ ಕೊಟ್ಟಿತ್ತು. ಆದರೆ ಆ ಜೀನಿಗೆ ಸಂಬಂಧವೇ ಇಲ್ಲದ ಆರ್‌ಎನ್‌ಎಗಳೂ ಅದೇ ಕೆಲಸ ಮಾಡುತ್ತವೆ ಎಂದು 2008ರಲ್ಲಿ ತಿಳಿಯಿತು. ಕೆಲಸ ಮಾಡಿದ್ದು ಜೀನ್ ಸುಮ್ಮನಾದದ್ದರಿಂದಲ್ಲ, ಟಿಎಲ್‌ಆರ್ 3 ಎಚ್ಚರಗೊಂಡದ್ದರಿಂದ! ಟಿಎಲ್‌ಆರ್ 8 ಇಲಿಯಲ್ಲಿ ಮನುಷ್ಯನಲ್ಲಿದ್ದಂತೆ ನಡೆದುಕೊಳ್ಳುವುದೂ ಇಲ್ಲ. ಆದ್ದರಿಂದ ಇಲಿ ಸುಮ್ಮನಿದ್ದ ಮಾತ್ರಕ್ಕೆ ಮನುಷ್ಯನೂ ಸುಮ್ಮನಿರುತ್ತಾನೆ ಎನ್ನುವಂತಿಲ್ಲ.

ನಮ್ಮ ರಾಜ್ಯದ ಕೋಲಾರ, ಮಂಡ್ಯ ಕಡೆ ಮಕ್ಕಳನ್ನು ಕಾಡಿದ ಜಪಾನೀಸ್ ಎನ್‌ಸೆಫಲೈಟಿಸ್ ಮೆದುಳುಜ್ವರವೂ ಈ ಕಥೆಯಲ್ಲಿದೆ. ರೇಬಿಸ್ ವೈರಸ್‌ನ ಒಂದು ತುಣುಕನ್ನು ವಾಹಕ ಮಾಡಿಕೊಂಡು, ಪ್ರೀತಿ ಕುಮಾರ್ ಮತ್ತು ಸಂಗಡಿಗರು ರೋಗ ತಗುಲಿದ ಇಲಿಗಳ ಮೆದುಳಿಗೆ ಆರ್‌ಎನ್‌ಎ ಕಳಿಸಿದರು. 2007ರ ಆ ವರದಿಯಲ್ಲಿ ಹೆಚ್ಚಿನ ಇಲಿಗಳು ಉಳಿದವು. ಮತ್ತೆ ಮತ್ತೆ ಕೊಟ್ಟರೂ ಉರಿಯೂತದ ಲಕ್ಷಣ ಕಾಣಲಿಲ್ಲ.

ಆಮೇಲೆ ಆರ್‌ಎನ್‌ಎಯ ಸಕ್ಕರೆ ಭಾಗಕ್ಕೆ ಸಣ್ಣ ರಾಸಾಯನಿಕ ಬದಲಾವಣೆ ಮಾಡಿ, ಕಾವಲುಗಾರರ ಕಣ್ಣು ತಪ್ಪಿಸುವುದನ್ನು ಕಲಿತರು. ಆದರೂ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಪ್ಯಾಟಿಸಿರಾನ್ ಅನ್ನು ಏರಿಸುವ ಮೊದಲು ಸ್ಟೆರಾಯ್ಡ್, ಪ್ಯಾರಾಸಿಟಮಾಲ್, ಅಲರ್ಜಿ ಮದ್ದು ಕೊಡಲೇಬೇಕು.

ಕಾಕನಿಗೆ ಹೇಳಿದ ಸೂಜಿ ಇನ್‌ಕ್ಲಿಸಿರಾನ್. ಅದು ಪಿತ್ತಜನಕಾಂಗಕ್ಕೆ ಹೋಗಿ ಒಂದೇ ಜೀನಿನ ಸಂದೇಶ ತಡೆಯುತ್ತದೆ. ಮೂಲ ಡಿಎನ್‌ಎ ಮುಟ್ಟುವುದಿಲ್ಲ. ಸೂಜಿ ಚುಚ್ಚಿದ ಜಾಗ ಕೆಂಪಾಗಿ ನೋಯುವುದು ಸಾಮಾನ್ಯ.

"ಹಳೆ ಮಾತ್ರೆ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ ಕಾಕ, ಅಲರ್ಜಿ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ," ಅಂದೆ. "ಹಾಗಾದರೆ ಕೇಳಿಯೇ ಹಾಕಿಸ್ತೇನೆ," ಅಂದರು. ಕೇಳುವುದೂ ಚಿಕಿತ್ಸೆಯ ಭಾಗವೇ.